ಲೆಕ್ಕಕ್ಕೆ ಬಂದ ಊರು

ಮನೆಗಂದಾಯದ ಚೀಟಿ ಬಾಗಿಲಿಗೆ ಬಂದ ದಿನ ಯಾವ ಊರಿನಲ್ಲೂ ಹೋಳಿಗೆ ಮಾಡುವುದಿಲ್ಲ. ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್ ದೇಶದ ರಾಜಧಾನಿ ಫ್ರೀಟೌನಿನಲ್ಲಂತೂ ಆ ಚೀಟಿಯ ಹಿಂದೆ ಇನ್ನೂರು ವರ್ಷದ ಜಗಳವಿದೆ. 1800ರಲ್ಲಿ ನೆಲಗಂದಾಯ ಕೊಡೆವೆಂದು ಊರು ಕಟ್ಟಿದವರೇ ದಂಗೆಯೆದ್ದರು. 1898ರಲ್ಲಿ ಗುಡಿಸಲಿಗೆ ಹಾಕಿದ ತೆರಿಗೆಯಿಂದಾಗಿ ಒಳನಾಡಿನಲ್ಲಿ ಯುದ್ಧವೇ ಆಯಿತು. ಅಂಥ ಊರಿನ ನಗರಸಭೆಗೆ 2018ರಲ್ಲಿ ಮೇಯರ್ ಆಗಿ ಬಂದ ಇವಾನ್ ಅಕಿ-ಸಾಯರ್ ಎಂಬ ಹೆಣ್ಣುಮಗಳು ಕೈಹಾಕಿದ ದೊಡ್ಡ ಕೆಲಸಗಳಲ್ಲಿ ಅದೇ ಮನೆಗಂದಾಯವೂ ಒಂದು. ಓಟು ಬೇಕಾದವರು ಸಾಮಾನ್ಯವಾಗಿ ದೂರವಿಡುವ ಕಡತ ಅದು. ಅವರು ಅದನ್ನು ಬಿಚ್ಚಿದರು, ಕೆಲವು ಪುಟ ಹರಿದವು, ಮತ್ತೆ ಹೊಲಿದರು.

ಆಕೆಗೆ ಬಂದ ಅಂತರರಾಷ್ಟ್ರೀಯ ಮನ್ನಣೆಗಳ ಪಟ್ಟಿ ಉದ್ದವಿದೆ. ಆದರೆ ವ್ಯಕ್ತಿಗಿಂತ ಕುರ್ಚಿ ಹಳೆಯದು. ಆ ಕುರ್ಚಿಯನ್ನು ಎಷ್ಟು ಸಲ ಮುರಿದರು, ಯಾರು ಜೋಡಿಸಿದರು ಎಂದು ತಿಳಿಯದೆ ಅದರಲ್ಲಿ ಕೂತವರ ಕೆಲಸವನ್ನು ಅಳೆಯಲಾಗದು. ಆದ್ದರಿಂದ ನಗರಸಭೆಯ ಕಥೆಯಿಂದಲೇ ಶುರುಮಾಡಬೇಕು.

ಬೂರುಗದ ಮರದ ಕೆಳಗೆ

1792ರ ಜನವರಿಯಲ್ಲಿ ಉತ್ತರ ಅಮೆರಿಕದ ನೋವಾ ಸ್ಕೋಷಿಯಾದಿಂದ 15 ಹಡಗುಗಳು ಹೊರಟವು. ಅವುಗಳಲ್ಲಿದ್ದ ಸುಮಾರು 1,200 ಮಂದಿ ಅಮೆರಿಕದ ಸ್ವಾತಂತ್ರ್ಯ ಸಮರದ ಕಾಲದಲ್ಲಿ ಗುಲಾಮಗಿರಿಯಿಂದ ಬಿಡುಗಡೆಯ ಆಸೆಗೆ ಬ್ರಿಟಿಷರ ಕಡೆ ಸೇರಿದ್ದ ಕಪ್ಪು ಜನ ಮತ್ತು ಅವರ ಸಂಸಾರಗಳು. ಭೂಮಿ ಕೊಡುತ್ತೇವೆಂದ ಮಾತು ನೋವಾ ಸ್ಕೋಷಿಯಾದಲ್ಲಿ ನೆರವೇರಲಿಲ್ಲ. ಆಫ್ರಿಕಾದ ಕಡಲ ತೀರದಲ್ಲಿ ಸಿಗುತ್ತದೆಂದು ಮತ್ತೊಂದು ಮಾತು ನಂಬಿ ಹಡಗು ಹತ್ತಿದರು. ಅಲ್ಲಿ ವಸಾಹತು ಕಟ್ಟಲು ಹೊರಟಿದ್ದ ಸಿಯೆರಾ ಲಿಯೋನ್ ಕಂಪನಿಯ ಪರವಾಗಿ ಜಾನ್ ಕ್ಲಾರ್ಕ್ಸನ್ ಎಂಬಾತ ಈ ಜನರನ್ನು ಕರೆತಂದ. ದಡ ಸೇರಿದವರು ಒಂದು ದೊಡ್ಡ ಬೂರುಗದ ಮರದ ಕೆಳಗೆ ನೆರೆದು ಪ್ರಾರ್ಥನೆ ಮಾಡಿದರೆಂಬುದು ಊರಿನ ನಂಬಿಕೆ. ಬೆಂಗಳೂರಿನ ಲಾಲ್‌ಬಾಗಿನಲ್ಲಿ ಆನೆಕಾಲಿನಂಥ ಬೇರು ಚಾಚಿ ನಿಂತಿರುವ ಬಿಳಿ ಬೂರುಗವನ್ನು ಕಂಡವರಿಗೆ ಆ ಮರದ ಅಂದಾಜು ಸಿಗುತ್ತದೆ. ಎರಡೂ ಒಂದೇ ಜಾತಿಯವು.

ಊರಿನ ವ್ಯವಹಾರ ನೋಡಿಕೊಳ್ಳಲು ಅವರು ಮಾಡಿಕೊಂಡ ಏರ್ಪಾಡು ಸರಳವಾಗಿತ್ತು. ಹತ್ತು ಮನೆಗೆ ಒಬ್ಬ, ನೂರು ಮನೆಗೆ ಒಬ್ಬ ಮುಖಂಡ. ಆರಿಸುವ ಹಕ್ಕು ಪ್ರತಿ ಮನೆಯ ಯಜಮಾನರದು. ಹಾಗೆ ಮನೆ ನಡೆಸುತ್ತಿದ್ದವರಲ್ಲಿ ಸುಮಾರು ಮೂರನೆಯ ಒಂದು ಪಾಲು ಹೆಂಗಸರಿದ್ದುದರಿಂದ ಅವರೂ ಮತ ಹಾಕಿದರು. ಇಂಗ್ಲೆಂಡಿನಲ್ಲಾಗಲಿ ಫ್ರಾನ್ಸಿನಲ್ಲಾಗಲಿ ಹೆಂಗಸಿಗೆ ಓಟಿನ ಹಕ್ಕು ಇನ್ನೂ ಬಹುದೂರವಿದ್ದ ಕಾಲ ಅದು. ಮನೆ ಎಣಿಕೆಗೆ ಬಂದಿತು, ಮನೆಯ ಜೊತೆಗೆ ಮನೆಯೊಡತಿಯೂ ಎಣಿಕೆಗೆ ಬಂದಳು. ಫ್ರೀಟೌನಿನ ಪೌರ ಚರಿತ್ರೆಯ ಮೊದಲ ಪುಟ ಇದು.

ಎರಡನೆಯ ಪುಟದಲ್ಲಿ ರಕ್ತವಿದೆ. ಭೂಮಿ ಉಚಿತವೆಂದು ನಂಬಿ ಬಂದವರಿಗೆ ಕಂಪನಿ ನೆಲಗಂದಾಯ ಹಾಕಿತು. 1800ರಲ್ಲಿ ಜನ ತಿರುಗಿಬಿದ್ದರು. ಅದೇ ಹೊತ್ತಿಗೆ ಜಮೈಕಾದ ಮರೂನರನ್ನು (ಗುಲಾಮಗಿರಿಯಿಂದ ತಪ್ಪಿಸಿಕೊಂಡವರ ಸಂತತಿಯವರನ್ನು) ಹೊತ್ತ ಹಡಗು ಬಂದಿಳಿಯಿತು, ಅವರ ಮತ್ತು ಸೈನಿಕರ ನೆರವಿನಿಂದ ದಂಗೆಯನ್ನು ಅಡಗಿಸಲಾಯಿತು. 1808ರಲ್ಲಿ ಊರು ಬ್ರಿಟಿಷ್ ದೊರೆತನದ ವಸಾಹತಾಯಿತು. ಆಮೇಲೆ ಗುಲಾಮರ ಹಡಗುಗಳಿಂದ ಬಿಡಿಸಿ ತಂದ ಸಾವಿರಾರು ಆಫ್ರಿಕನ್ನರು ಇಲ್ಲಿ ಇಳಿದರು. ಇವರೆಲ್ಲರ ಬೆರಕೆಯಿಂದ ಕ್ರಿಯೋ ಎಂಬ ಜನಾಂಗವೂ ಕ್ರಿಯೋ ಎಂಬ ನುಡಿಯೂ ಹುಟ್ಟಿದವು.

ಎರಡು ಸಲ ಬೀಗ ಬಿದ್ದ ಬಾಗಿಲು

ಫ್ರೀಟೌನಿಗೆ ಪುರಸಭೆಯ ಕಾನೂನು ಬಂದದ್ದು 1893ರಲ್ಲಿ. 1895ರಲ್ಲಿ ವಕೀಲ ಸ್ಯಾಮ್ಯುಯೆಲ್ ಲೂಯಿಸ್ ಮೊದಲ ಮೇಯರ್ ಆದರು. ಮರುವರ್ಷ ಅವರಿಗೆ 'ಸರ್' ಪದವಿ ಬಂತು. ಪಶ್ಚಿಮ ಆಫ್ರಿಕಾದವರೊಬ್ಬರಿಗೆ ಆ ಗೌರವ ಸಿಕ್ಕಿದ್ದು ಅದೇ ಮೊದಲು. ಓದಿದ ಕ್ರಿಯೋ ಮಂದಿ ತಮ್ಮ ಊರನ್ನು ತಾವೇ ನಡೆಸಬಲ್ಲೆವೆಂದು ತೋರಿಸಲು ಸಿಕ್ಕ ವೇದಿಕೆ ಈ ನಗರಸಭೆ. 1926ರಲ್ಲಿ ಹಣದ ಅವ್ಯವಹಾರದ ಮೊಕದ್ದಮೆಯೊಂದರಲ್ಲಿ ಅಂದಿನ ಮೇಯರಿಗೆ ಶಿಕ್ಷೆಯಾಯಿತು. ವಸಾಹತು ಸರ್ಕಾರ ಅದನ್ನೇ ನೆವಮಾಡಿ ಸಭೆಯನ್ನು ಬರಖಾಸ್ತು ಮಾಡಿತು, ನಾಮಕರಣವಾದವರ ಕೈಮೇಲಾದ ಸಭೆಯೊಂದನ್ನು ಅದರ ಜಾಗದಲ್ಲಿ ಕೂರಿಸಿತು. ಬಹುಮತ ಮತ್ತೆ ಚುನಾಯಿತರ ಕೈಗೆ ಬರಲು 1948ರವರೆಗೆ ಕಾಯಬೇಕಾಯಿತು.

ಆ ನಡುಗಾಲದಲ್ಲೇ, 1938ರಲ್ಲಿ, ಕಾನ್‌ಸ್ಟನ್ಸ್ ಕಮಿಂಗ್ಸ್-ಜಾನ್ ಎಂಬ ಇಪ್ಪತ್ತರ ಹರೆಯದ ಶಿಕ್ಷಕಿ ನಗರಸಭೆಗೆ ಆಯ್ಕೆಯಾದರು. ಲಂಡನ್ನಿನಲ್ಲಿ ಶಿಕ್ಷಕ ತರಬೇತಿ ಪಡೆದು, ಅಮೆರಿಕದಲ್ಲಿ ವರ್ಣಭೇದದ ಬಿಸಿ ಅನುಭವಿಸಿ ಮರಳಿದ್ದ ಆಕೆ ಪಶ್ಚಿಮ ಆಫ್ರಿಕಾ ಯುವ ಒಕ್ಕೂಟದ ಬೆಂಬಲದಿಂದ ನಿಂತು ಗೆದ್ದರು. ಬ್ರಿಟಿಷ್ ಪಶ್ಚಿಮ ಆಫ್ರಿಕಾದಲ್ಲಿ ಹೆಣ್ಣೊಬ್ಬಳು ನಗರಸಭೆಗೆ ಚುನಾಯಿತಳಾದದ್ದು ಅದೇ ಮೊದಲು. ಆಕೆಯ ನಿಜವಾದ ಬಲ ಸಂತೆಯಲ್ಲಿತ್ತು. ಮೀನು, ಪಾಮೆಣ್ಣೆ, ಸೊಪ್ಪು ಮಾರುವ ಹೆಂಗಸರನ್ನು ಸಂಘಟಿಸಿ 1951ರಲ್ಲಿ ಸಿಯೆರಾ ಲಿಯೋನ್ ಮಹಿಳಾ ಚಳವಳಿಯನ್ನು ಕಟ್ಟಿದರು. ಹೆಣ್ಣುಮಕ್ಕಳಿಗಾಗಿ ಶಾಲೆ ತೆರೆದರು. 1966ರಲ್ಲಿ ಫ್ರೀಟೌನಿನ ಮೇಯರ್ ಆದರು. ಆಫ್ರಿಕಾದ ರಾಜಧಾನಿಯೊಂದನ್ನು ಕಪ್ಪು ಮಹಿಳೆಯೊಬ್ಬರು ಮುನ್ನಡೆಸಿದ್ದು ಅದೇ ಮೊದಲೆಂದು ಚರಿತ್ರಕಾರರು ಗುರುತಿಸುತ್ತಾರೆ. ಆದರೆ 1967ರಲ್ಲಿ ಸೇನೆ ಅಧಿಕಾರ ಕಿತ್ತುಕೊಂಡಾಗ ಅವರು ಹೊರದೇಶದಲ್ಲಿದ್ದರು, ಕುರ್ಚಿಗೆ ಮರಳಲಾಗಲಿಲ್ಲ. ಮುಂದಿನ ಬಾಳಿನ ಬಹುಭಾಗ ಲಂಡನ್ನಿನಲ್ಲೇ ಕಳೆದು 2000ದಲ್ಲಿ ತೀರಿಕೊಂಡರು.

ಎರಡನೆಯ ಬೀಗ ಬಿದ್ದದ್ದು 1972ರಲ್ಲಿ. ಸ್ವತಂತ್ರ ದೇಶದ ತನ್ನದೇ ಸರ್ಕಾರ ಎಲ್ಲ ಚುನಾಯಿತ ಸ್ಥಳೀಯ ಸಂಸ್ಥೆಗಳನ್ನು ರದ್ದುಮಾಡಿ, ನೇಮಕವಾದ ಆಡಳಿತ ಸಮಿತಿಗಳನ್ನು ಕೂರಿಸಿತು. ಪರಕೀಯರು ಹಾಕಿದ ಬೀಗ 22 ವರ್ಷಕ್ಕೆ ತೆಗೆಯಿತು. ಸ್ವಕೀಯರು ಹಾಕಿದ್ದು ತೆಗೆಯಲು 32 ವರ್ಷ ಹಿಡಿಯಿತು. 2004ರ ಸ್ಥಳೀಯ ಸರ್ಕಾರ ಕಾಯ್ದೆಯಿಂದಲೇ ಫ್ರೀಟೌನಿಗೆ ಚುನಾಯಿತ ಮೇಯರ್ ಮತ್ತೆ ಬಂದದ್ದು.

ಬೆಳೆದ ಊರು, ಬೆಳೆಯದ ಕಚೇರಿ

ಬಾಗಿಲು ಮುಚ್ಚಿದ್ದ ಆ ಮೂರು ದಶಕಗಳಲ್ಲೇ ಊರು ಕೈಮೀರಿ ಬೆಳೆಯಿತು. 1963ರ ಜನಗಣತಿಯಲ್ಲಿ ಫ್ರೀಟೌನಿನ ಜನಸಂಖ್ಯೆ ಸುಮಾರು 1.28 ಲಕ್ಷ, 1985ರಲ್ಲಿ 4.7 ಲಕ್ಷ, 2004ರಲ್ಲಿ 7.7 ಲಕ್ಷ, 2015ರಲ್ಲಿ ಹತ್ತೂವರೆ ಲಕ್ಷ. 1991ರಿಂದ 2002ರವರೆಗೆ ನಡೆದ ಅಂತರ್ಯುದ್ಧದಲ್ಲಿ ಒಳನಾಡಿನ ಊರುಗಳು ಸುಟ್ಟುಹೋದಾಗ ಜನ ರಾಜಧಾನಿಗೆ ಓಡಿಬಂದರು. 1999ರ ಜನವರಿ 6ರಂದು ಬಂಡುಕೋರರು ರಾಜಧಾನಿಗೂ ನುಗ್ಗಿದರು. ಯುದ್ಧ ಮುಗಿದ ಮೇಲೆ ಬಂದವರಲ್ಲಿ ಬಹುಮಂದಿ ಹಿಂದಿರುಗಲಿಲ್ಲ. ಹಿಂದಿರುಗಲು ಅಲ್ಲಿ ಏನೂ ಉಳಿದಿರಲಿಲ್ಲ.

ಫ್ರೀಟೌನಿನ ನೆಲದ ಸ್ವರೂಪ ತಿಳಿಯದೆ ಮುಂದಿನದು ಅರ್ಥವಾಗದು. ಒಂದು ಕಡೆ ಅಟ್ಲಾಂಟಿಕ್ ಕಡಲು, ಇನ್ನೊಂದು ಕಡೆ ನೇರವಾಗಿ ಏರಿ ನಿಂತ ಗುಡ್ಡಗಳು, ನಡುವೆ ಪಟ್ಟಿಯಂಥ ನೆಲ. ಸಿಂಹದ ಗುಡ್ಡಗಳೆಂಬ ಅರ್ಥದಲ್ಲಿ ಪೋರ್ಚುಗೀಸರಿಟ್ಟ ಹೆಸರೇ ದೇಶಕ್ಕೂ ನಿಂತಿದೆ. ಹೊಸದಾಗಿ ಬಂದವರಿಗೆ ಇದ್ದದ್ದು ಎರಡೇ ದಾರಿ. ಉಳ್ಳವರೂ ಇಲ್ಲದವರೂ ಕಾಡು ಕಡಿದು ಗುಡ್ಡ ಹತ್ತಿದರು. ತೀರ ಇಲ್ಲದವರು ಕಡಲಿಗೆ ಇಳಿದರು.

ಕಡಲಿಗೆ ಇಳಿದರೆಂಬುದು ಅಲಂಕಾರದ ಮಾತಲ್ಲ. ಕ್ರೂ ಬೇ, ಕಾಕಲ್ ಬೇ ಮುಂತಾದ ತೀರದ ಕೇರಿಗಳಲ್ಲಿ 'ಬ್ಯಾಂಕಿಂಗ್' ಎಂಬ ಕಸುಬಿದೆ; ದುಡ್ಡಿನ ಬ್ಯಾಂಕಿಗೂ ಇದಕ್ಕೂ ಸಂಬಂಧವಿಲ್ಲ. ಅಳವೆಯ ನೀರಿನ ಅಂಚಿಗೆ ಮಣ್ಣಿನ ಚೀಲ, ಕಲ್ಲು, ಹಳೆ ಟೈರುಗಳ ಸಾಲು ಹಾಕುತ್ತಾರೆ. ಅದರ ಹಿಂದಕ್ಕೆ ಊರಿನ ಕಸ ಸುರಿಯುತ್ತಾರೆ. ತುಳಿದು ಗಟ್ಟಿಮಾಡಿ, ಮೇಲೊಂದು ಪದರ ಮಣ್ಣು ಹರಡಿದರೆ ನಿವೇಶನ ಸಿದ್ಧ. ಅದರ ಮೇಲೆ ತಗಡಿನ ಮನೆ. ಮಳೆಗಾಲದಲ್ಲಿ ಮೇಲಿನಿಂದ ತೊರೆ ನುಗ್ಗುತ್ತದೆ, ಭರತದಲ್ಲಿ ಕೆಳಗಿನಿಂದ ಕಡಲು ನುಗ್ಗುತ್ತದೆ. ಕಸ ಎತ್ತುವವರಿಲ್ಲದ ಊರು, ನೆಲ ಕೊಡುವವರಿಲ್ಲದ ಊರು. ಆ ಎರಡು ಕೊರತೆಗಳನ್ನು ಒಂದಕ್ಕೊಂದು ಹೊಲಿದು ಬಡವರು ತಮ್ಮ ಬೀದಿಯನ್ನು ತಾವೇ ಕಟ್ಟಿಕೊಂಡರು. ನಗರಸಭೆಯ ಪುಸ್ತಕದಲ್ಲಿ ಆ ಬೀದಿಗಳಿರಲಿಲ್ಲ.

ಇನ್ನು ಗುಡ್ಡ ಹತ್ತಿದವರ ಗತಿ. 2017ರ ಆಗಸ್ಟ್ 14ರ ಬೆಳಗಿನ ಜಾವ, ದಿನಗಟ್ಟಲೆ ಸುರಿದ ಮಳೆಯ ಕೊನೆಗೆ, ರೀಜೆಂಟ್ ಬಳಿಯ ಶುಗರ್ ಲೋಫ್ ಬೆಟ್ಟದ ಒಂದು ಪಾರ್ಶ್ವ ಕುಸಿದು ಮಲಗಿದ್ದ ಮನೆಗಳ ಮೇಲೆ ಬಿತ್ತು. ಸತ್ತವರು, ಕಾಣೆಯಾದವರು ಸೇರಿ 1,141 ಮಂದಿ. ಮರವಿಲ್ಲದ ಗುಡ್ಡ, ಹೂಳು ತುಂಬಿದ ಚರಂಡಿ, ಕಟ್ಟಬಾರದ ಜಾಗದಲ್ಲಿ ಕಟ್ಟಿದ ಮನೆ. ಕಾರಣಗಳು ಎಲ್ಲರಿಗೂ ಗೊತ್ತಿದ್ದವು. ಉತ್ತರ ಹೇಳಬೇಕಾದವರು ಯಾರೆಂಬುದೇ ಗೊತ್ತಿರಲಿಲ್ಲ.

ಲೆಕ್ಕಪರಿಶೋಧಕಿಯ ಮೇಯರಿಕೆ

ಇವಾನ್ ಅಕಿ-ಸಾಯರ್ ಹುಟ್ಟಿದ್ದು 1968ರಲ್ಲಿ, ಇದೇ ಫ್ರೀಟೌನಿನಲ್ಲಿ. ಊರಿನ ಫೂರಾ ಬೇ ಕಾಲೇಜಿನಲ್ಲಿ ಅರ್ಥಶಾಸ್ತ್ರ ಓದಿ, ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸಿನಲ್ಲಿ ಸ್ನಾತಕೋತ್ತರ ಪದವಿ ಪಡೆದು, ಚಾರ್ಟರ್ಡ್ ಅಕೌಂಟೆಂಟ್ ಆಗಿ ಎರಡು ದಶಕಕ್ಕೂ ಹೆಚ್ಚು ಕಾಲ ಹಣಕಾಸು ವೃತ್ತಿಯಲ್ಲಿದ್ದರು. ಯುದ್ಧದಲ್ಲಿ ನೊಂದ ಮಕ್ಕಳಿಗಾಗಿ 1999ರಲ್ಲಿ ಗೆಳೆಯರೊಡನೆ ಒಂದು ಟ್ರಸ್ಟ್ ಕಟ್ಟಿದ್ದು ಬಿಟ್ಟರೆ ಸಾರ್ವಜನಿಕ ಕೆಲಸದ ಅನುಭವ ಹೆಚ್ಚಿರಲಿಲ್ಲ. 2014ರಲ್ಲಿ ಎಬೋಲಾ ಬಂತು. ದೇಶದಲ್ಲಿ ಸುಮಾರು 4,000 ಜನ ಸತ್ತರು. ಊರಿಗೆ ಮರಳಿದ ಅವರು ರಾಷ್ಟ್ರೀಯ ಎಬೋಲಾ ನಿಯಂತ್ರಣ ಕೇಂದ್ರದ ಯೋಜನಾ ನಿರ್ದೇಶಕಿಯಾದರು. ಯಾವ ಬೀದಿಯಲ್ಲಿ ಎಷ್ಟು ರೋಗಿಗಳು, ಯಾವ ಆಂಬುಲೆನ್ಸ್ ಎಲ್ಲಿದೆ, ಹಾಸಿಗೆ ಎಷ್ಟು ಖಾಲಿ ಎಂಬ ಲೆಕ್ಕ ಗಂಟೆಗಂಟೆಗೂ ಸರಿಯಿಲ್ಲದಿದ್ದರೆ ಜೀವ ಹೋಗುತ್ತಿದ್ದ ಕಾಲ ಅದು.

ಊರಿನ ಹೊಲಸು ಮತ್ತು ಬೋಳಾಗುತ್ತಿದ್ದ ಗುಡ್ಡಗಳನ್ನು ಕಂಡು ರೋಸಿ ತಾವು ರಾಜಕೀಯಕ್ಕೆ ಬಂದುದಾಗಿ ಅವರೇ ಹೇಳಿಕೊಂಡಿದ್ದಾರೆ. ಎಪಿಸಿ ಪಕ್ಷದಿಂದ ಮೇಯರ್ ಚುನಾವಣೆಗೆ ನಿಂತು ಗೆದ್ದು 2018ರ ಮೇ 11ರಂದು ಪ್ರಮಾಣವಚನ ಸ್ವೀಕರಿಸಿದರು. ಅದೇ ವರ್ಷದ ಚುನಾವಣೆಯಲ್ಲಿ ರಾಷ್ಟ್ರಾಧ್ಯಕ್ಷ ಪದವಿ ಎದುರು ಪಕ್ಷದ ಜೂಲಿಯಸ್ ಮಾಡಾ ಬಿಯೊ ಅವರ ಪಾಲಾಗಿತ್ತು. ರಾಜಧಾನಿ ಒಂದು ಪಕ್ಷದ ಕೈಯಲ್ಲಿ, ರಾಷ್ಟ್ರ ಇನ್ನೊಂದರ ಕೈಯಲ್ಲಿ. ಈ ಎರಡು ಮಾಳಿಗೆಗಳ ತಿಕ್ಕಾಟ ಮುಂದಿನ ಕಥೆಯುದ್ದಕ್ಕೂ ಇದೆ.

ಮೊದಲ ಕೆಲವು ತಿಂಗಳು ಹೋದದ್ದು ಕೇಳುವುದರಲ್ಲಿ. ವಾರ್ಡು ವಾರ್ಡಿನಲ್ಲಿ ಸಭೆ ಸೇರಿಸಿ, ಸುಮಾರು 15,000 ನಿವಾಸಿಗಳ ಅಹವಾಲು ಪಡೆದು, 2019ರ ಜನವರಿಯಲ್ಲಿ 'ಟ್ರಾನ್ಸ್‌ಫಾರ್ಮ್ ಫ್ರೀಟೌನ್' ಎಂಬ ಯೋಜನೆಯನ್ನು ಮುಂದಿಟ್ಟರು. 11 ವಲಯಗಳು, 19 ಗುರಿಗಳು, ಗಡುವು 2022. ಇಂಥ ಪುಸ್ತಿಕೆಗಳು ಎಲ್ಲ ದೇಶಗಳಲ್ಲೂ ಅಚ್ಚಾಗುತ್ತವೆ. ಇದರಲ್ಲಿ ಬೇರೆಯಾಗಿದ್ದದ್ದು ಒಂದೇ. ಪ್ರತಿ ಗುರಿಯ ಪಕ್ಕದಲ್ಲೂ ಒಂದು ಅಂಕಿಯಿತ್ತು, ಇಂದು ಎಲ್ಲಿದ್ದೇವೆ ಎಂಬುದೂ ಮುಚ್ಚುಮರೆಯಿಲ್ಲದೆ ಇತ್ತು. ಊರಿನ ಘನತ್ಯಾಜ್ಯದಲ್ಲಿ ಸರಿಯಾಗಿ ಸಂಗ್ರಹವಾಗುತ್ತಿರುವುದು ಶೇ 21. ಶೌಚದ ಗುಂಡಿಗಳ ದ್ರವತ್ಯಾಜ್ಯದಲ್ಲಿ ಶೇ 6. ತನ್ನ ಸಂಸ್ಥೆಯ ಬಗ್ಗೆ ಇಂಥ ಅಂಕಿಯನ್ನು ತಾನೇ ಅಚ್ಚುಹಾಕಿಸಿ ಹಂಚುವ ಧೈರ್ಯ ಲೆಕ್ಕಪರಿಶೋಧಕರಿಗೆ ಇರುತ್ತದೆ; ರಾಜಕಾರಣಿಗಳಿಗೆ ಅಪರೂಪ.

ಕೇರಿಗೆ ಇಳಿದ ಮೂರು ಚಕ್ರ

ಕಸದ ಲಾರಿ ಫ್ರೀಟೌನಿನ ಅರ್ಧ ಊರಿಗೆ ಹೋಗಲಾರದು. ಗುಡ್ಡದ ಮನೆಗಳಿಗೆ ಮೆಟ್ಟಿಲೇ ದಾರಿ, ತೀರದ ಕೇರಿಗಳಿಗೆ ಓಣಿಯೇ ದಾರಿ. ಹಾಗಾಗಿ ಮೂರು ಚಕ್ರದ ಮೋಟಾರು ಗಾಡಿಗಳನ್ನು ಯುವಕ ಯುವತಿಯರ ಸಣ್ಣ ತಂಡಗಳಿಗೆ ಕೊಟ್ಟು, ಅವರಿಗೆ ಇಂತಿಷ್ಟು ಬೀದಿಯೆಂದು ಹಂಚಲಾಯಿತು. ಮನೆಯವರು ಕೊಡುವ ಶುಲ್ಕವೇ ತಂಡದ ಗಳಿಕೆ. ನಗರಸಭೆಯ ಸಂಬಳದ ಪಟ್ಟಿಗೆ ಹೆಸರು ಸೇರದೆ ಕೆಲಸ ಹುಟ್ಟಿತು. ಯಾವ ಮನೆಗೆ ಯಾವ ತಂಡ ಎಂದು ತೋರಿಸುವ ಮೊಬೈಲ್ ಆ್ಯಪ್ ಕೂಡ ಬಂತು. ಎಬೋಲಾ ನಂತರದ ಪುನಶ್ಚೇತನದ ದಿನಗಳಲ್ಲಿ ಶುರುವಾಗಿದ್ದ ಸ್ವಚ್ಛ ವಲಯಗಳ ಪೈಪೋಟಿಯನ್ನು ನಗರಸಭೆ ಮುಂದುವರಿಸಿತು. ಮಳೆಗಾಲಕ್ಕೆ ಮುಂಚೆ ಚರಂಡಿಗಳ ಹೂಳು ತೆಗೆಯುವುದನ್ನು ವರ್ಷವರ್ಷದ ಕಟ್ಟಳೆ ಮಾಡಲಾಯಿತು.

ಎಲ್ಲವೂ ನೆಟ್ಟಗಾಯಿತೆಂದು ಹೇಳಿದರೆ ಸುಳ್ಳಾದೀತು. ಎತ್ತಿದ ಕಸ ಕೊನೆಗೆ ಹೋಗಿ ಬೀಳುವುದು ಕಿಂಗ್‌ಟಮ್ ಮತ್ತು ಗ್ರ್ಯಾನ್‌ವಿಲ್ ಬ್ರೂಕ್ ಎಂಬ ಎರಡು ಹಳೆಯ ತಿಪ್ಪೆಗಳಿಗೆ. ಎರಡೂ ಊರಿನ ಒಳಗೇ ಇವೆ. ಆಯುವವರು ಅಲ್ಲೇ ಬದುಕುತ್ತಾರೆ, ಹಂದಿಗಳು ಅಲ್ಲೇ ಮೇಯುತ್ತವೆ, ಹೊಗೆ ಅಕ್ಕಪಕ್ಕದ ಮನೆಗಳಿಗೆ ನುಗ್ಗುತ್ತದೆ. ಊರಾಚೆ ಒಪ್ಪವಾದ ವಿಲೇವಾರಿ ಜಾಗ ಬೇಕು. ಊರಾಚೆಯ ನೆಲ ನಗರಸಭೆಯದಲ್ಲ.

ಮರಕ್ಕೊಂದು ನಂಬರು

2020ರಲ್ಲಿ ಆರಂಭವಾದ 'ಫ್ರೀಟೌನ್ ದಿ ಟ್ರೀಟೌನ್' ಯೋಜನೆಯ ಗುರಿ ಹತ್ತು ಲಕ್ಷ ಗಿಡ. ಗಿಡ ನೆಡುವ ಕಾರ್ಯಕ್ರಮ ಹೇಗೆ ನಡೆಯುತ್ತದೆಂದು ನಮಗೆಲ್ಲ ಗೊತ್ತು. ಗಣ್ಯರು ಬರುತ್ತಾರೆ, ಗುಂಡಿ ಮೊದಲೇ ತೋಡಿರುತ್ತದೆ, ಒಂದು ಚೊಂಬು ನೀರು, ಒಂದು ಫೋಟೋ. ಮುಂದಿನ ವರ್ಷ ಅದೇ ಗುಂಡಿಗೆ ಹೊಸ ಗಿಡ. ಈ ಗುಂಡಿಯ ರೋಗಕ್ಕೆ ಫ್ರೀಟೌನ್ ಕಂಡುಕೊಂಡ ಮದ್ದು ಲೆಕ್ಕ.

ಗಿಡ ನೆಟ್ಟು ಬೆಳೆಸುವವರು ಆಯಾ ಕೇರಿಯವರೇ. ಅವರ ಫೋನಿನಲ್ಲಿ 'ಟ್ರೀಟ್ರ್ಯಾಕರ್' ಎಂಬ ಆ್ಯಪ್ ಇರುತ್ತದೆ. ಗಿಡ ನೆಟ್ಟ ಕೂಡಲೇ ಫೋಟೋ ತೆಗೆಯಬೇಕು. ಎಲ್ಲಿ, ಯಾವಾಗ ನೆಟ್ಟಿದ್ದು ಎಂಬುದು ದಾಖಲಾಗಿ ಆ ಗಿಡಕ್ಕೆ ಅದರದೇ ಗುರುತಿನ ನಂಬರು ಬೀಳುತ್ತದೆ. ಕೆಲವು ಕಾಲ ಬಿಟ್ಟು ಮತ್ತೆ ಹೋಗಿ, ನೀರೆರೆದು, ಕಳೆ ಕಿತ್ತು, ಅದೇ ಗಿಡದ ಫೋಟೋ ಮತ್ತೆ ತೆಗೆಯಬೇಕು. ಗಿಡ ಬದುಕಿದೆಯೆಂದು ಖಾತ್ರಿಯಾದರೆ ಬೆಳೆಸಿದವರ ಫೋನಿಗೆ ಹಣ ಬರುತ್ತದೆ. ಸತ್ತ ಗಿಡಕ್ಕೆ ಕಾಸಿಲ್ಲ. ಹೀಗೆ ನೆಡುವವನ ಜಾಗಕ್ಕೆ ಬೆಳೆಸುವವನು ಬಂದ. ಮೇಲಿನ ಗುಡ್ಡಗಳಲ್ಲಿ ಕಾಡುಮರ, ಅಂಗಳಗಳಲ್ಲಿ ಹಣ್ಣಿನ ಮರ, ಅಳವೆಯ ಅಂಚಿನಲ್ಲಿ ಕಾಂಡ್ಲಾ. ಮೊದಲ ಕೆಲವು ಮಳೆಗಾಲಗಳಲ್ಲೇ ಐದು ಲಕ್ಷಕ್ಕೂ ಹೆಚ್ಚು ಗಿಡಗಳು ಈ ಪುಸ್ತಕಕ್ಕೆ ಸೇರಿದವು. 2022ರ ಜನವರಿಯಲ್ಲಿ ಬ್ಲೂಮ್‌ಬರ್ಗ್ ಪ್ರತಿಷ್ಠಾನ ಜಗತ್ತಿನ 15 ನಗರಗಳಿಗೆ ಕೊಟ್ಟ ಪುರಸ್ಕಾರದಲ್ಲಿ ಫ್ರೀಟೌನಿಗೂ ಪಾಲು ಸಿಕ್ಕಿತು: ಹತ್ತು ಲಕ್ಷ ಡಾಲರ್. 2022ರ ಗಡುವಿನೊಳಗೆ ಹತ್ತು ಲಕ್ಷ ಗಿಡ ಮುಟ್ಟಲಿಲ್ಲ ಎಂಬುದನ್ನೂ ಇದೇ ಪುಸ್ತಕ ಹೇಳುತ್ತದೆ. ಎಣಿಸುವವರಿಗೆ ಈ ಕಷ್ಟ ಇದ್ದದ್ದೇ.

ಮನೆಗೊಂದು ಅಂಕ

ಈಗ ಮೊದಲ ಮಾತಿಗೆ ಬರೋಣ. ಹಳೆಯ ಪದ್ಧತಿಯಲ್ಲಿ ಕಂದಾಯ ಮುಖ್ಯವಾಗಿ ಮನೆಯ ಅಳತೆಯ ಮೇಲಿತ್ತು. ತೀರದ ಕೇರಿಯ ತಗಡಿನ ಸೂರಿಗೂ, ಕಡಲು ಕಾಣುವ ಗುಡ್ಡದ ಬಂಗಲೆಗೂ ನಿಜವಾದ ಬೆಲೆಯಲ್ಲಿ ಅಜಗಜಾಂತರವಿದ್ದರೂ ಚೀಟಿಯಲ್ಲಿ ಆ ಅಂತರ ಕಾಣುತ್ತಿರಲಿಲ್ಲ. ಎಷ್ಟೋ ಬಂಗಲೆಗಳಿಗೆ ಚೀಟಿಯೇ ಹೋಗುತ್ತಿರಲಿಲ್ಲ, ಏಕೆಂದರೆ ಅವು ಪುಸ್ತಕದಲ್ಲಿರಲಿಲ್ಲ.

ನಗರಸಭೆ ಮೊದಲು ಉಪಗ್ರಹದ ಚಿತ್ರ ತರಿಸಿ ಊರಿನ ಸೂರುಗಳನ್ನು ಎಣಿಸಿತು. ಆಮೇಲೆ ಗಣತಿಯವರು ಬೀದಿಗಿಳಿದರು. ಅವರು ಮನೆಯೊಳಗೆ ಕಾಲಿಡಬೇಕಾಗಿಲ್ಲ, ಯಜಮಾನರ ಆದಾಯ ಕೇಳಬೇಕಾಗಿಲ್ಲ. ರಸ್ತೆಯಲ್ಲಿ ನಿಂತು ಕಣ್ಣಿಗೆ ಕಾಣುವುದನ್ನು ಬರೆದುಕೊಂಡರೆ ಸಾಕು: ಗೋಡೆ ಎಂಥದು, ಚಾವಣಿ ಎಂಥದು, ಎಷ್ಟು ಅಂತಸ್ತು, ಕಿಟಕಿ ಎಂಥದು, ಮನೆಯವರೆಗೆ ಡಾಂಬರಿದೆಯೋ ಕಾಲುಹಾದಿಯೋ. ಒಳ್ಳೆಯದಕ್ಕೆ ಅಂಕ ಕೂಡುತ್ತದೆ, ಕೊರತೆಗೆ ಕಳೆಯುತ್ತದೆ. ಬಂದ ಮೊತ್ತದ ಮೇಲೆ ಕಂದಾಯ. ತನ್ನ ಮನೆಗೆ ಯಾಕೆ ಇಷ್ಟು ಎಂದು ಯಾರಾದರೂ ಕೇಳಿದರೆ ಉತ್ತರ ಅವರ ಚಾವಣಿಯ ಮೇಲೇ ಇರುತ್ತದೆ. ವಾದಕ್ಕೆ ಜಾಗವುಂಟು, ಗುಮಾನಿಗೆ ಜಾಗ ಕಡಿಮೆ.

ಪುಸ್ತಕದಲ್ಲಿದ್ದ ಸುಮಾರು 57,000 ಕಟ್ಟಡಗಳು 1.2 ಲಕ್ಷ ದಾಟಿದವು. ಹೊಸ ಲೆಕ್ಕದಲ್ಲಿ ಅತಿ ಸಿರಿವಂತ ಐದನೆಯ ಒಂದು ಪಾಲಿನವರ ಕಂದಾಯ ಸರಾಸರಿ ಮೂರು ಪಟ್ಟು ಮೀರಿತು, ಅತಿ ಬಡ ಐದನೆಯ ಒಂದು ಪಾಲಿನವರದು ಅರ್ಧಕ್ಕಿಂತ ಕೆಳಗಿಳಿಯಿತು. ನಗರಸಭೆಯ ಕಂದಾಯ ಐದು ಪಟ್ಟು ಬೆಳೆಯಬಹುದೆಂದು ಜೊತೆಗೆ ದುಡಿದ ಸಂಶೋಧಕರು ಅಂದಾಜಿಸಿದರು.

ಆಗ ಬಿತ್ತು ತಡೆ. ಸ್ಥಳೀಯ ಸಂಸ್ಥೆಗಳ ಕಂದಾಯಕ್ಕೆ ರಾಷ್ಟ್ರಮಟ್ಟದ ಮಾರ್ಗಸೂಚಿ ಬೇಕೆಂದು 2020ರಲ್ಲಿ ಕೇಂದ್ರ ಸರ್ಕಾರ ಹೊಸ ಪದ್ಧತಿಯನ್ನು ನಿಲ್ಲಿಸಿತು. ಸುಮಾರು ಒಂದು ವರ್ಷ ಚೀಟಿಗಳು ಸ್ತಬ್ಧವಾದವು. ಕೊರೊನಾದ ಖರ್ಚು ಮೈಮೇಲೆ ಬಿದ್ದಿದ್ದ ವರ್ಷವೂ ಅದೇ. 2021ರಲ್ಲಿ ಮತ್ತೆ ಆರಂಭವಾದಾಗ ನಗರಸಭೆ ಮೊದಲಿನಿಂದ ಜನರ ಮನವೊಲಿಸಬೇಕಾಯಿತು. 1800ರಲ್ಲಿ ಜನ ಕೆರಳಿದ್ದು ಕಂದಾಯಕ್ಕಷ್ಟೇ ಅಲ್ಲ, ಕೊಟ್ಟ ಮಾತು ಮುರಿದದ್ದಕ್ಕೆ. ಕಂದಾಯ ಕಟ್ಟಿದವನಿಗೆ ತನ್ನ ಬೀದಿಯಲ್ಲಿ ಏನಾದರೂ ಕಾಣಬೇಕು. ಹಣ ಯಾವುದಕ್ಕೆ ಹೋಗಲಿ ಎಂದು ವಾರ್ಡಿನವರನ್ನೇ ಕೇಳುವ ಸಭೆಗಳನ್ನು ಫೋನಿನ ಮೂಲಕವೂ ನಡೆಸಿದ್ದರ ಹಿಂದೆ ಇದ್ದದ್ದು ಈ ಅರಿವು.

ಸಂತೆಗೆ ನೆರಳು

2021ರ ಅಕ್ಟೋಬರಿನಲ್ಲಿ ಯೂಜೀನಿಯಾ ಕಾರ್ಗ್ಬೊ ಅವರನ್ನು ನಗರದ ಮುಖ್ಯ ತಾಪ ಅಧಿಕಾರಿಯಾಗಿ ನೇಮಿಸಲಾಯಿತು. ಆಫ್ರಿಕಾಕ್ಕೇ ಅದು ಮೊದಲ ಹುದ್ದೆ. ಬಿಸಿಲಿಗೊಬ್ಬ ಅಧಿಕಾರಿಯೆ ಎಂದು ನಕ್ಕವರಿದ್ದರು. ಬೆಳಗಿನಿಂದ ಸಂಜೆಯವರೆಗೆ ಮೀನು, ಟೊಮೆಟೊ ಹರಡಿಕೊಂಡು ಬಯಲಲ್ಲಿ ಕೂರುವ ಹೆಂಗಸರು ನಗಲಿಲ್ಲ. ಬಿಸಿಲು ಅವರ ಮೈಯನ್ನಷ್ಟೇ ಸುಡುವುದಿಲ್ಲ, ಮಧ್ಯಾಹ್ನದೊಳಗೆ ಸರಕನ್ನೂ ಕೊಳೆಸುತ್ತದೆ. ಕೊಳೆತದ್ದು ಅಂದಿನ ಅನ್ನ. ಬಿಸಿಲನ್ನು ಹಿಂದಕ್ಕೆ ಹೊಡೆಯುವ ಹಾಳೆಯ ಚಪ್ಪರಗಳನ್ನು ಬಯಲು ಸಂತೆಗಳಿಗೆ ಹಾಕಿಸಲಾಯಿತು, ಸಂಜೆಯ ವ್ಯಾಪಾರಕ್ಕೆ ಸೌರದೀಪ ಕಟ್ಟಲಾಯಿತು. ಆ ಸಂತೆಗಳಲ್ಲೊಂದು ಬಾಂಬೆ ಬೀದಿಯದು. ನಮ್ಮ ಬೊಂಬಾಯಿಯ ಹೆಸರು ಅಷ್ಟು ದೂರದ ಬೀದಿಯಲ್ಲಿದೆ.

ಕಾನ್‌ಸ್ಟನ್ಸ್ ಕಮಿಂಗ್ಸ್-ಜಾನ್ ಸಂಘಟಿಸಿದ್ದು ಇಂಥವೇ ಸಂತೆಗಳ ಹೆಂಗಸರನ್ನು. ಅರ್ಧ ಶತಮಾನದ ಮೇಲೆ ನಗರಸಭೆಯ ದೊಡ್ಡ ಯೋಜನೆಗಳ ನಡುವೆ ಅವರ ತಲೆಯ ಮೇಲಿನ ಬಿಸಿಲೂ ಒಂದು ಬಾಬತ್ತಾಗಿ ಬರೆಯಲ್ಪಟ್ಟಿತು.

ಎಟುಕದ ಕೀಲಿಗಳು

ಜನ ಬೈಯುವುದು ಮೇಯರನ್ನು. ಊರಿನ ಕೀಲಿಗಳು ಇರುವುದು ಬೇರೆಯವರ ಬಳಿ. 2004ರ ಕಾಯ್ದೆ ಅಧಿಕಾರ ಹಂಚಿತು, ಹಂಚಿಕೆ ಪೂರ್ತಿಯಾಗಲಿಲ್ಲ. ಕಟ್ಟಡದ ಪರವಾನಗಿ, ಭೂಬಳಕೆಯ ಯೋಜನೆ ಕೇಂದ್ರ ಸಚಿವಾಲಯದಲ್ಲೇ ಉಳಿದವು. ನೀರು 1960ರ ದಶಕದ ಗುಮಾ ಅಣೆಕಟ್ಟನ್ನು ನೆಚ್ಚಿದೆ, ಅದನ್ನು ನೋಡಿಕೊಳ್ಳುವುದು ಬೇರೆ ಕಂಪನಿ. ಹಾಗಾಗಿ ಒಂದು ಕಡೆ ನಗರಸಭೆ ಗುಡ್ಡದಲ್ಲಿ ಗಿಡ ನೆಡುತ್ತದೆ, ಇನ್ನೊಂದು ಕಡೆ ಅದೇ ಗುಡ್ಡದಲ್ಲಿ ಮನೆ ಏಳುತ್ತದೆ. ಎರಡಕ್ಕೂ ಬೇರೆ ಬೇರೆ ಕಚೇರಿಯ ಮೊಹರು. ಮೇಯರ್ ಇದನ್ನು ಬಹಿರಂಗವಾಗಿ ಮತ್ತೆ ಮತ್ತೆ ಹೇಳಿದ್ದಾರೆ.

ವಿಪತ್ತುಗಳು ಕಚೇರಿ ನೋಡಿ ಬರುವುದಿಲ್ಲ. 2021ರ ಮಾರ್ಚಿನಲ್ಲಿ ಸೂಸಾನ್ಸ್ ಬೇ ಕೇರಿ ಹೊತ್ತಿ ಉರಿದು ಸಾವಿರಾರು ಮಂದಿ ಬೀದಿಗೆ ಬಿದ್ದರು. ಅದೇ ವರ್ಷ ನವೆಂಬರ್ 5ರ ರಾತ್ರಿ ವೆಲಿಂಗ್ಟನ್ನಿನಲ್ಲಿ ಪೆಟ್ರೋಲ್ ಟ್ಯಾಂಕರ್ ಸಿಡಿದು 150ಕ್ಕೂ ಹೆಚ್ಚು ಜನ ಸತ್ತರು. ಗುಡ್ಡದ ಮೇಲಿನ ಬಡಾವಣೆಗಳಿಗಾಗಿ ಮೇಯರ್ ಕನಸಿದ ಕೇಬಲ್ ಕಾರು ಮೊದಲ ಅವಧಿ ಮುಗಿದಾಗಲೂ ಓಡಿರಲಿಲ್ಲ. ರಾಜಕೀಯದ ಬಿಸಿಯೂ ಮುಟ್ಟದೆ ಬಿಡಲಿಲ್ಲ: 2022ರಲ್ಲಿ ಪೊಲೀಸರು ಅವರನ್ನು ಬಂಧಿಸಿ, ಆಮೇಲೆ ಬಿಡುಗಡೆ ಮಾಡಿದರು.

2023ರ ಮೇ 24ರ ರಾತ್ರಿ ಬಿರುಗಾಳಿ ಮಳೆಗೆ ಊರಿನ ನಡುವಿನ ಆ ಹಳೆಯ ಬೂರುಗದ ಮರ ಉರುಳಿತು. ಎತ್ತರ ಸುಮಾರು 70 ಮೀಟರ್, ವಯಸ್ಸು ಸುಮಾರು 400 ವರ್ಷ. ನೋಟಿನ ಮೇಲೆ ಅಚ್ಚಾಗಿದ್ದ ಮರ. ಜನ ಮನೆಯ ಹಿರಿಯರು ಹೋದಂತೆ ಬಂದು ಬುಡದ ಬಳಿ ನಿಂತರು. ಸರಿಯಾಗಿ ಒಂದು ತಿಂಗಳಿಗೆ, ಜೂನ್ 24ರಂದು, ಚುನಾವಣೆ. ಇವಾನ್ ಅಕಿ-ಸಾಯರ್ ಅರ್ಧಕ್ಕಿಂತ ತುಸು ಹೆಚ್ಚು ಮತಗಳಿಂದ ಮರಳಿ ಗೆದ್ದರು. ದೇಶದ ಚುನಾವಣಾ ಫಲಿತಾಂಶವನ್ನು ಒಪ್ಪದೆ ಅವರ ಪಕ್ಷ ಸಭೆಗಳಿಂದ ಹೊರಗುಳಿಯಿತು. ಅಕ್ಟೋಬರಿನಲ್ಲಿ ಸರ್ಕಾರ ಮತ್ತು ಪಕ್ಷದ ನಡುವೆ ಒಪ್ಪಂದವಾದ ಮೇಲೆಯೇ ಕೆಲಸ ಹಳಿಗೆ ಬಂತು. ಆ ವರ್ಷದ ಕೊನೆಗೆ ಜಗತ್ತಿನ ಮಹಾನಗರಗಳ ಹವಾಮಾನ ಒಕ್ಕೂಟ ಸಿ40ಗೆ ಲಂಡನ್ ಮೇಯರ್ ಜೊತೆ ಸಹ ಅಧ್ಯಕ್ಷೆಯಾದರು.

ಪುಸ್ತಕ ಉಳಿಯಬೇಕು

ಇಷ್ಟೆಲ್ಲ ಕೂಡಿ ಕಳೆದರೆ ಉಳಿಯುವುದೇನು? ತಿಪ್ಪೆಗಳು ಇನ್ನೂ ಊರೊಳಗಿವೆ. ತೀರದ ಕೇರಿಗಳು ಇನ್ನೂ ಕಸದ ಮೇಲೆ ನಿಂತಿವೆ. ಮಳೆ ಬಂದ ರಾತ್ರಿ ಗುಡ್ಡದವರಿಗೆ ಇನ್ನೂ ನಿದ್ದೆ ಬರುವುದಿಲ್ಲ. ಒಬ್ಬ ಮೇಯರ್ ಎರಡು ಅವಧಿಯಲ್ಲಿ ಮೂವತ್ತೆರಡು ವರ್ಷದ ಬೀಗದ ತುಕ್ಕನ್ನು ಪೂರ್ತಿ ಒರೆಸಲಾರರು.

ಉಳಿದದ್ದು ಪುಸ್ತಕ. ಮುಚ್ಚಿದ್ದ ನಗರಸಭೆಗೆ ತನ್ನ ಊರಿನಲ್ಲಿ ಎಷ್ಟು ಮನೆಗಳಿವೆಯೆಂದೇ ತಿಳಿದಿರಲಿಲ್ಲ. ಈಗ ಮನೆಗೊಂದು ಅಂಕ, ಗಿಡಕ್ಕೊಂದು ನಂಬರು, ಕಸಕ್ಕೊಂದು ಶೇಕಡಾವಾರು ಬರೆದಿಡಲಾಗಿದೆ. ಸೋತ ಗುರಿಯೂ ಗೆದ್ದ ಗುರಿಯೂ ಒಂದೇ ಪುಟದಲ್ಲಿವೆ. ಹಾಗೆ ಬರೆದಿಟ್ಟದ್ದನ್ನು ಮುಂದಿನ ಮೇಯರನ್ನು ಪ್ರಶ್ನಿಸಲು ಯಾರು ಬೇಕಾದರೂ ಕೈಗೆತ್ತಿಕೊಳ್ಳಬಹುದು. ಸಂಸ್ಥೆಯೊಂದಕ್ಕೆ ವ್ಯಕ್ತಿ ಬಿಟ್ಟುಹೋಗಬಹುದಾದ ದೊಡ್ಡ ಆಸ್ತಿ ಇದೇ ಎಂದು ನನ್ನ ತೀರ್ಮಾನ.

ಇದನ್ನು ಓದುವವರಲ್ಲಿ ನಗರಸಭೆ, ಪುರಸಭೆಗಳ ಸದಸ್ಯೆಯರಿದ್ದರೆ ಅವರಲ್ಲಿ ಒಂದು ಬಿನ್ನಹ. ಮುಂದಿನ ಸಭೆಯಲ್ಲಿ ಹೊಸ ಯೋಜನೆ ಕೇಳುವ ಮುನ್ನ ನಿಮ್ಮ ವಾರ್ಡಿನ ಕಂದಾಯದ ಪುಸ್ತಕವನ್ನು ಒಮ್ಮೆ ತರಿಸಿ ನೋಡಿ. ಅದರಲ್ಲಿ ಯಾವ ಬೀದಿ ಇಲ್ಲವೋ ಅಲ್ಲಿಂದ ಕೆಲಸ ಶುರುಮಾಡಿ.